ತೂಬು ಬೇರೆ, ಕೋಡಿ ಬೇರೆ

ಗುಡ್ಡ ಕೊರೆದರೆ ಕೆರೆಗೇನಾಗುತ್ತದೆ ಎಂದು ಅಳೆಸಿ, ಅಳೆದದ್ದಕ್ಕೆ ಹಸಿರು ಶಾಯಿಯಲ್ಲಿ ಸಹಿ ಹಾಕುವ ಮಾನ್ಯರೇ,

ನೀವು ಪರೀಕ್ಷೆ ಮಾಡಿಸಿದ್ದು ದೊಡ್ಡವ್ವನ ಕೆರೆಯ ನೀರನ್ನಲ್ಲ, ಭದ್ರಾ ನಾಲೆಯ ನೀರನ್ನು. ಆ ನೀರು ಚೆನ್ನಾಗಿದೆ ಎಂದು ನೂರಾ ಹನ್ನೆರಡು ಪುಟದ ವರದಿ ತಯಾರಾಗಿದೆ. ಅದನ್ನೇ ಆಧಾರ ಮಾಡಿಕೊಂಡು, ಕೆರೆಯ ಮೇಲಿನ ಗುಡ್ಡದಲ್ಲಿ ತಾಮ್ರ ಹುಡುಕಲು ಇನ್ನೂ ಮೂವತ್ತನಾಲ್ಕು ಕಡೆ ಕೊರೆಯಬಹುದು ಎಂಬ ಕಡತ ನಿಮ್ಮ ಮೇಜಿನ ಮೇಲೆ ಕೂತಿದೆ. ಸಾಲದ್ದಕ್ಕೆ, ಅದೇ ವರದಿಯ ಒಂದು ವಾಕ್ಯವನ್ನು ಎತ್ತಿ ತೋರಿಸಿ, ಆ ಕೆರೆಯ ನೀರು ಬಿಡುವ, ಕಟ್ಟುವ ನೀರುಗಂಟಿ ಬಂಗಾರಪ್ಪನವರಿಗೆ ನೋಟಿಸು ಹೋಗಿದೆ. ನೀರಿನ ಬಗ್ಗೆ ವದಂತಿ ಹಬ್ಬಿಸುತ್ತಿದ್ದೀರಂತೆ, ಏಳು ದಿನದೊಳಗೆ ವಿವರಣೆ ಕೊಡಿ, ತಪ್ಪಿದರೆ ನೀರುಗಂಟಿ ಕೆಲಸದಿಂದ ತೆಗೆಯಲಾಗುವುದು ಎಂದು. ಏಳರಲ್ಲಿ ನಾಲ್ಕು ದಿನ ಆಗಲೇ ಕಳೆದವು.

ನೀವು ಎತ್ತಿ ತೋರಿಸಿದ ಆ ವಾಕ್ಯ ಬಂಗಾರಪ್ಪನವರದಲ್ಲ. ನನ್ನದು. ಬಹಿರಂಗವಾಗಿ ಬರೆಯುತ್ತಿರುವುದು ಅದಕ್ಕೇ. ಗುಟ್ಟಾಗಿ ಎರಡು ಸಲ ಬರೆದು ನೋಡಿದ್ದಾಯಿತು.

ನಾನು ಯಾರೆಂದು ಹೇಳಿಬಿಡುತ್ತೇನೆ. ಮೂವತ್ತೊಂಬತ್ತು ವರ್ಷದಿಂದ ದಾವಣಗೆರೆಯ ಕೋರ್ಟಿನ ಹತ್ತಿರ ಟೈಪಿಂಗ್ ಮತ್ತು ಭಾಷಾಂತರದ ಅಂಗಡಿ ಇಟ್ಟಿದ್ದೇನೆ. ಹುಟ್ಟಿದ್ದು, ಟೈಪಿಂಗ್ ಕಲಿತದ್ದು ಹರಿಹರದಲ್ಲಿ. ಈಗ ಎಂ.ಸಿ.ಸಿ. ಬಿ ಬ್ಲಾಕಿನಲ್ಲಿ ಮನೆ, ಹಳೇ ಸ್ಕೂಟರು, ಎರಡೂ ಮೊಳಕಾಲು ನೋವು. ಅಫಿಡವಿಟ್ಟು, ವಿಲ್ಲು, ಕ್ರಯಪತ್ರ, ನಿಮ್ಮಂಥವರ ಆದೇಶಗಳು, ಇವುಗಳ ಮಧ್ಯೆಯೇ ತಲೆ ನೆರೆದಿದೆ. ಕಚೇರಿ ಕನ್ನಡ ನನಗೆ ಮನೆ ಮಾತಿನಷ್ಟೇ ಸಲೀಸು. ‘ಪರಿಶೀಲನೆಯಲ್ಲಿದೆ’ ಎಂದರೆ ಯಾರೂ ತೆರೆದು ನೋಡಿಲ್ಲ ಎಂದರ್ಥ. ‘ಸೂಕ್ತ ಕ್ರಮ ಕೈಗೊಳ್ಳಲಾಗುವುದು’ ಎಂದರೆ ಮನೆಗೆ ಹೋಗಿ ಎಂದರ್ಥ. ನನ್ನ ಅಂಗಡಿಯಿಂದ ಹೋದ ಕಾಗದ ಇಷ್ಟು ವರ್ಷದಲ್ಲಿ ತಪ್ಪಿದೆ ಎಂದು ವಾಪಸು ಬಂದಿಲ್ಲ ಎನ್ನುವುದು ನನ್ನ ಜಂಬವಾಗಿತ್ತು. ಆ ವಾಕ್ಯವಿದ್ದ ಕಾಗದವೂ ವಾಪಸು ಬರಲಿಲ್ಲ. ಬಂದಿದ್ದರೆ ಎಷ್ಟೋ ಚೆನ್ನಾಗಿತ್ತು.

ಮೊದಲು ಕೆರೆಯ ಪಾಠ. ನಿಮಗೆ ಹೇಳುವಷ್ಟು ದೊಡ್ಡವನಲ್ಲ, ನನಗೂ ಇದು ಗೊತ್ತಾದದ್ದು ಈಚೆಗೆ. ದೊಡ್ಡವ್ವನ ಕೆರೆ ಆವರಗೆರೆ ದಾಟಿ ಗುಡ್ಡದ ಕಡೆ ಹೊರಳಿದರೆ ಸಿಗುತ್ತದೆ. ಊರಿಗೂ ಅದೇ ಹೆಸರು. ಆ ಕೆರೆಯಿಂದ ನೀರು ಹೊರಗೆ ಬರುವ ದಾರಿ ಎರಡು. ಏರಿಯ ಬುಡದಲ್ಲಿ, ಕೆರೆಯ ತಳಕ್ಕೆ ಹತ್ತಿರವಾಗಿ ಒಂದು ಕಲ್ಲಿನ ಕಿಂಡಿ ಇದೆ. ಬೇಕಾದಾಗ ತೆಗೆದು ಸಾಕಾದಾಗ ಮುಚ್ಚುವ ಅದಕ್ಕೆ ತೂಬು ಎನ್ನುತ್ತಾರೆ. ಗದ್ದೆಗೆ ಹರಿಯುವುದು, ಏರಿಯ ಕೆಳಗಿನ ಬಾವಿಗೆ ಇಳಿಯುವುದು, ಆ ಬಾವಿಯಿಂದ ಊರಿನ ಟ್ಯಾಂಕಿಗೆ ಏರುವುದು ಎಲ್ಲಾ ತೂಬಿನ ನೀರೇ. ಇನ್ನೊಂದು ದಾರಿ ಏರಿಯ ತುದಿಯಲ್ಲಿ, ಎತ್ತರದಲ್ಲಿದೆ. ಕೆರೆ ತುಂಬಿ ಹೆಚ್ಚಾದರೆ ಮಾತ್ರ ಅಲ್ಲಿ ನೀರು ಹೊರಳುತ್ತದೆ. ಅದು ಕೋಡಿ. ಒಲೆಯ ಮೇಲೆ ಹಾಲಿಟ್ಟವರಿಗೆ ಇದು ತಿಳಿಯುವುದು ಕಷ್ಟವಲ್ಲ. ಉಕ್ಕಿ ಚೆಲ್ಲಿದ್ದು ಕೋಡಿ, ಲೋಟಕ್ಕೆ ಬಗ್ಗಿಸಿಕೊಂಡದ್ದು ತೂಬು.

ದೊಡ್ಡವ್ವನ ಕೆರೆ ಕೋಡಿ ಬಿದ್ದು ಮೂರು ವರ್ಷವಾಯಿತು. ಆದರೂ ಕೋಡಿಯ ಕೆಳಗಿನ ಗುಂಡಿಯಲ್ಲಿ ಬೇಸಿಗೆಯಲ್ಲೂ ತಿಳಿನೀರು ನಿಂತಿರುತ್ತದೆ. ಅದರ ಪಕ್ಕದಲ್ಲೇ ಭದ್ರಾ ನಾಲೆಯ ಒಂದು ಕವಲು ಹೋಗುತ್ತದೆ. ನಾಲೆಗೆ ನೀರು ಬಿಟ್ಟಾಗ ಬಸಿದು ಬಂದು ಅಲ್ಲಿ ನಿಲ್ಲುತ್ತದೆ. ಊರಿನ ಎಮ್ಮೆಗಳಿಗೂ ಗೊತ್ತಿರುವ ಸಂಗತಿ ಇದು. ಗೊತ್ತಿರದೇ ಇದ್ದದ್ದು ನೀರು ಪರೀಕ್ಷಿಸಲು ನೀವು ನೇಮಿಸಿದ ಏಜೆನ್ಸಿಯವರಿಗೆ, ನನಗೆ ಮತ್ತು ತಮಗೆ.

ಹೋದ ವರ್ಷ ಯುಗಾದಿ ಕಳೆದ ಮೇಲೆ ಗುಡ್ಡಕ್ಕೆ ಯಂತ್ರ ಬಂತು. ಹನ್ನೊಂದು ಕಡೆ ಕೊರೆದರು. ಕೊರೆಯುವಾಗ ಬರುವ ಎಣ್ಣೆ ಬೆರೆತ ರಾಡಿಯನ್ನು ಗುಂಡಿ ತೋಡಿ, ಕರೀ ತಾಡಪಾಲು ಹಾಸಿ ತುಂಬಿಸಿದರು. ತಪ್ಪೇನಿಲ್ಲ, ಬೇಸಿಗೆಯಲ್ಲಿ ನೋಡಲು ಶಿಸ್ತಾಗಿಯೇ ಇತ್ತಂತೆ. ಆದರೆ ನಮ್ಮ ಕಡೆ ಭಾದ್ರಪದ ಎಂಬ ಮಾಸವೊಂದಿದೆ, ಆಗ ಮಳೆ ಬರುತ್ತದೆ, ಮಳೆ ಬಂದರೆ ಗುಂಡಿ ತುಂಬುತ್ತದೆ ಎಂಬುದು ಯಾವ ನಕ್ಷೆಯಲ್ಲೂ ಇರಲಿಲ್ಲವೆಂದು ಕಾಣುತ್ತದೆ. ಗುಂಡಿ ತುಂಬಿ ಹಳ್ಳಕ್ಕೆ ಹರಿಯಿತು, ಹಳ್ಳ ಕೆರೆಗೆ ಬಂತು. ಕೆರೆಯ ಮೂಲೆಯಲ್ಲಿ ಬೂದಿ ಬಣ್ಣದ ರಾಡಿ, ಮೇಲೆ ಬಣ್ಣಬಣ್ಣದ ಎಣ್ಣೆಪೊರೆ. ಬಂಗಾರಪ್ಪನವರು ಅವತ್ತೇ ತೂಬು ಮುಚ್ಚಿ ಪಂಚಾಯ್ತಿಗೆ ಹೋಗಿ ಹೇಳಿದರು. ಬಾವಿಗೆ ಅಷ್ಟರೊಳಗೆ ಇಳಿದಿದ್ದ ನೀರಿನಲ್ಲೇ ಊರು ಈ ವರ್ಷದ ತನಕ ಕಾಲ ತಳ್ಳಿತು. ಪಂಚಾಯ್ತಿಯವರು ಮೇಲಕ್ಕೆ ಬರೆದರು. ಮೇಲಿನವರು, ಅಂದರೆ ತಾವು, ಪರಿಣಾಮ ಅಳೆಯುವುದಕ್ಕೆ ಏಜೆನ್ಸಿ ನೇಮಿಸಿದಿರಿ. ಇಲ್ಲಿಯವರೆಗೆ ಎಲ್ಲಾ ಸರಿಯಾಗಿಯೇ ನಡೆದಿತ್ತು, ಅದನ್ನು ಒಪ್ಪಿಕೊಳ್ಳಲೇಬೇಕು.

ಈ ವರ್ಷ ಫೆಬ್ರವರಿಯಲ್ಲಿ ಊರಿನ ಪಂಚಾಯ್ತಿ ಕಟ್ಟೆಯಲ್ಲಿ ಅಹವಾಲು ಕೇಳಿದರು. ಎಪ್ಪತ್ತು ದಾಟಿದ ಬಂಗಾರಪ್ಪನವರು ಎದ್ದು ನಿಂತು ಹೇಳಿದ್ದನ್ನು ಒಬ್ಬರು ಬರೆದುಕೊಂಡರು, ಕೆಳಗೆ ಅವರ ಸಹಿ ಮಾಡಿಸಿಕೊಂಡರು. ಆ ಕನ್ನಡದ ಹಾಳೆಯ ನಕಲು ಈಗಲೂ ನನ್ನ ಹತ್ತಿರ ಇದೆ. ಅವರು ಹೇಳಿದ್ದು ಇಷ್ಟು: “ಕೋಡಿ ಹತ್ರ ನೀರು ಹಿಡೀಬ್ಯಾಡ್ರಿ. ಅದು ಕೆರಿ ನೀರಲ್ಲ, ನಾಲಿ ಬಸಿ ನೀರು. ತೂಬಿನ ಹತ್ರ ಹಿಡೀರಿ. ನಾವು ಕುಡಿಯೋದು ತೂಬಿನ ನೀರು.” ನಾಲ್ಕು ಮಾತು. ಇದಕ್ಕಿಂತ ಸ್ಪಷ್ಟವಾಗಿ ಕೆರೆಯ ಬಗ್ಗೆ ಯಾವ ವಿಜ್ಞಾನಿ ಹೇಳಿಯಾನು?

ಮಾರನೆಯ ದಿನ ಹನ್ನೆರಡು ಗಂಟೆಗೆ ಏಜೆನ್ಸಿಯವರೊಬ್ಬರು ಆ ಹಾಳೆ ಹಿಡಿದು ನನ್ನ ಅಂಗಡಿಗೆ ಬಂದರು. ಎರಡು ಗಂಟೆಯೊಳಗೆ ಇಂಗ್ಲಿಷಾಗಬೇಕು ಎಂದರು. ನಾನು ಕೂತು ಮಾಡಿದೆ. ನಾನು ಮಾಡಿದ ಇಂಗ್ಲಿಷನ್ನು ತಿರುಗಿ ಕನ್ನಡಕ್ಕೆ ತಂದರೆ ಹೀಗಿರುತ್ತದೆ: ‘ಔಟ್‌ಲೆಟ್ ಹತ್ತಿರ ನೀರು ಹಿಡಿಯಬೇಡಿ. ಅದು ಕೆರೆಯ ನೀರಲ್ಲ, ನಾಲೆಯಿಂದ ಬಸಿದ ನೀರು. ಔಟ್‌ಲೆಟ್ ಹತ್ತಿರ ಹಿಡಿಯಿರಿ. ನಾವು ಕುಡಿಯುವುದು ಔಟ್‌ಲೆಟ್ ನೀರು.’

ನಗಬಹುದು ನೀವು. ನನಗೆ ನಗು ಬರುತ್ತಿಲ್ಲ. ಹರಿಹರದವನು ನಾನು, ಹೊಳೆ ದಂಡೆಯಲ್ಲಿ ಬೆಳೆದವನು. ಹೊಳೆಗೆ ತೂಬೂ ಇಲ್ಲ, ಕೋಡಿಯೂ ಇಲ್ಲ. ನೀರು ಹೊರಗೆ ಹೋಗುವ ಜಾಗ ತಾನೇ, ಎರಡೂ ಒಂದೇ ಇರಬೇಕು, ಹಳ್ಳಿಯವರು ಒಂದನ್ನೇ ಎರಡು ಹೆಸರಿನಲ್ಲಿ ಕರೆಯುತ್ತಾರೆ ಎಂದುಕೊಂಡೆ. ಹಾಗಾದರೆ ‘ಹಿಡಿಯಬೇಡಿ’ ಎಂದವರೇ ‘ಹಿಡಿಯಿರಿ’ ಎಂದದ್ದು ಹೇಗೆ ಎಂಬ ಸಂಶಯವಾದರೂ ಬರಬೇಕಿತ್ತು. ಬಂತು. ಆದರೆ ಮುದುಕರು ಏನೋ ಗೊಂದಲ ಮಾಡಿಕೊಂಡಿದ್ದಾರೆ ಎಂದು ಮುಂದಕ್ಕೆ ಹೋದೆ. ಎರಡಕ್ಕೂ ಬೇರೆ ಬೇರೆ ಇಂಗ್ಲಿಷ್ ಪದಗಳಿವೆ. ನಿಘಂಟು ನನ್ನ ಹಿಂದಿನ ಕಪಾಟಿನಲ್ಲೇ ಇತ್ತು. ಎದ್ದು ಹೋಗಲು ಮೊಳಕಾಲು ನೋವು, ಎರಡು ಗಂಟೆಗೆ ಊಟದ ಹೊತ್ತು. ಇಷ್ಟೇ ಕಾರಣ. ಇಷ್ಟಕ್ಕೇ ಒಂದು ಊರಿನ ಕುಡಿಯುವ ನೀರು ಎಲ್ಲಿಗೆ ಬಂತು ನೋಡಿ.

ನನ್ನ ತಪ್ಪು ಅಲ್ಲಿಗೆ ಮುಗಿಯಿತು. ಮುಂದಿನದು ನಿಮ್ಮ ಕಡೆಯದು. ವರದಿ ಬರೆಯುವವರ ಕೈಗೆ ಆ ಹಾಳೆ ಹೋದಾಗ ಅವರಿಗೂ ಅದು ತಲೆಬುಡ ಇಲ್ಲದ್ದು ಅನ್ನಿಸಿದೆ. ಆಗ ಏನು ಮಾಡಬೇಕಿತ್ತು? ಒಂದು ಫೋನು. ‘ಅಜ್ಜಾರೇ, ಹಿಡೀಬೇಕೋ ಹಿಡೀಬಾರದೋ?’ ಎಂದು ಒಂದು ಮಾತು. ಅವರು ಅದನ್ನು ಮಾಡಲಿಲ್ಲ. ‘ಹೇಳಿಕೆಯಲ್ಲಿ ಪರಸ್ಪರ ವಿರುದ್ಧವಾದ ಭಾಗವನ್ನು ಕೈಬಿಡಲಾಗಿದೆ’ ಎಂದು ಅಡಿಟಿಪ್ಪಣಿ ಹಾಕಿ, ಮೊದಲೆರಡು ವಾಕ್ಯಗಳನ್ನು ಕತ್ತರಿಸಿದರು. ಉಳಿದದ್ದು, ಔಟ್‌ಲೆಟ್ ಹತ್ತಿರ ಹಿಡಿಯಿರಿ. ಬಂಗಾರಪ್ಪನವರು ಯಾವುದನ್ನು ಮಾಡಬೇಡಿ ಎಂದಿದ್ದರೋ ಅದಕ್ಕೆ ಅವರದೇ ಒಪ್ಪಿಗೆ ಸಿಕ್ಕಿದಂತಾಯಿತು.

ಮಾರ್ಚಿನಲ್ಲಿ ನೀರು ಹಿಡಿಯುವವರು ಜೀಪಿನಲ್ಲಿ ಬಂದರು. ಮೂರು ಕಡೆ ಹಿಡಿಯಬೇಕು ಎಂದು ನಿಮ್ಮದೇ ನಿಯಮ. ಕೆರೆಗೆ ನೀರು ಬರುವ ಹಳ್ಳದಲ್ಲಿ ಹಿಡಿಯಬೇಕಿತ್ತು, ಮಾರ್ಚಿನಲ್ಲಿ ಹಳ್ಳ ಒಣಗಿತ್ತು. ‘ಮಾದರಿ ಲಭ್ಯವಿಲ್ಲ’ ಎಂದು ಬರೆದರು. ಕೆರೆಯ ನಡುವೆ ಹಿಡಿಯಬೇಕಿತ್ತು, ದೋಣಿ ತಂದಿರಲಿಲ್ಲ. ‘ಪ್ರವೇಶ ದುರ್ಲಭ’ ಎಂದು ಬರೆದರು. ಉಳಿದದ್ದು ಔಟ್‌ಲೆಟ್. ಕೋಡಿಯ ತನಕ ಜೀಪು ಹೋಗುತ್ತದೆ, ತೂಬಿಗೆ ಏರಿಯ ಮೇಲೆ ಅರ್ಧ ಮೈಲಿ ನಡೆಯಬೇಕು. ಅವರು ಎಲ್ಲಿಗೆ ಹೋದರೆಂದು ಬೇರೆ ಹೇಳಬೇಕೇ? ಬಂಗಾರಪ್ಪನವರು ಏರಿಯ ಮೇಲಿಂದ ನೋಡಿ ಓಡಿಬಂದರಂತೆ.

“ಅಲ್ಲಲ್ರಿ, ಈ ಕಡಿ ಬರ್ರಿ, ತೂಬು ಅಲ್ಲೈತೆ.”

“ಇದೇ ಔಟ್‌ಲೆಟ್ ಅಲ್ವಾ ಯಜಮಾನ್ರೇ?”

“ಅದೇನೋ ನಂಗೊತ್ತಿಲ್ರಿ. ಇದು ಕೋಡಿ.”

“ನೀವೇ ಹೇಳಿದ್ದೀರಲ್ಲ, ಔಟ್‌ಲೆಟ್ ಹತ್ರ ಹಿಡೀರಿ ಅಂತ. ನೋಡಿ, ಇಲ್ಲಿ ನಿಮ್ಮ ಸಹಿನೂ ಇದೆ.”

ಓದಲು ಬಾರದ ಭಾಷೆಯ ಕಾಗದದಲ್ಲಿ ತನ್ನ ಸಹಿಯ ನಕಲು ಕಂಡ ಮೇಲೆ ಆ ಮನುಷ್ಯ ಏನು ಹೇಳಿಯಾರು? ಇಂಗ್ಲಿಷಿನಲ್ಲಿ ಇದಕ್ಕೇ ತೂಬು ಎನ್ನುತ್ತಾರೇನೋ, ಓದಿದವರು ಎಂದುಕೊಂಡರು. ಸ್ಥಳದಲ್ಲಿ ಹಾಜರಿದ್ದೆ ಎಂಬುದಕ್ಕೆ ಮತ್ತೊಂದು ಸಹಿ ಕೇಳಿದರು. ಹಾಜರಿದ್ದದ್ದು ನಿಜ, ಹಾಕಿದರು. ಮೂರೂ ಬಾಟಲಿ ಕೋಡಿಯ ಗುಂಡಿಯಲ್ಲೇ ತುಂಬಿದವು.

ಜೂನಿನಲ್ಲಿ ವರದಿ ಬಂತು. ಅದರ ಕನ್ನಡ ಸಾರಾಂಶವನ್ನು ಪಂಚಾಯ್ತಿಯ ಗೋಡೆಗೆ ಅಂಟಿಸಿದರು. ‘ಖನಿಜಾನ್ವೇಷಣೆಯಿಂದ ಕೆರೆಯ ನೀರಿನ ಗುಣಮಟ್ಟದಲ್ಲಿ ಗಣನೀಯ ಬದಲಾವಣೆ ಕಂಡುಬಂದಿಲ್ಲ. ನೀರುಗಂಟಿ ಶ್ರೀ ಬಂಗಾರಪ್ಪನವರ ಸಲಹೆಯಂತೆ, ಅವರ ಸಮ್ಮುಖದಲ್ಲಿ ಮಾದರಿ ಸಂಗ್ರಹಿಸಲಾಗಿದೆ.’ ಒಂದು ಲೆಕ್ಕದಲ್ಲಿ ಸತ್ಯವೇ. ಈ ಗುಡ್ಡ ಕೊರೆದರೆ ಭದ್ರಾ ನಾಲೆಗೇನು ಬದಲಾವಣೆ ಬರಬೇಕು? ಎಮ್ಮೆಗೆ ಜ್ವರ ಬಂದರೆ ಎತ್ತಿಗೆ ಬರೆ ಹಾಕಿದರು ಎಂದು ಹಿಂದಿನವರು ಹೇಳುತ್ತಿದ್ದರು. ತಾವು ಇನ್ನೂ ಮುಂದೆ ಹೋಗಿ, ಎತ್ತಿನ ಮೈ ಮುಟ್ಟಿ ನೋಡಿ, ಎಮ್ಮೆ ಆರೋಗ್ಯವಾಗಿದೆ ಎಂದು ಪ್ರಮಾಣಪತ್ರ ಕೊಟ್ಟಿದ್ದೀರಿ.

ಜುಲೈಯಲ್ಲಿ ಒಂದು ಮಧ್ಯಾಹ್ನ ಬಂಗಾರಪ್ಪನವರು ಸೊಸೆ ರೇವತಿಯ ಬೈಕಿನ ಹಿಂದೆ ಕೂತು ನನ್ನ ಅಂಗಡಿಗೆ ಬಂದರು. ರೇವತಿ ಊರಿನ ಆಶಾ ಕಾರ್ಯಕರ್ತೆ. ಪಂಚಾಯ್ತಿಯಿಂದ ಇಡೀ ವರದಿಯ ನಕಲು ತೆಗೆಸಿ, ಕೊನೆಗೆ ಲಗತ್ತಿಸಿದ್ದ ನನ್ನ ಇಂಗ್ಲಿಷ್ ಹಾಳೆಯನ್ನು ಹುಡುಕಿದ್ದಳು. ನನ್ನ ಅಂಗಡಿಯ ಮೊಹರು ಅದರ ಮೇಲಿತ್ತು. ಆಕೆ ಮೇಜಿನ ಮೇಲೆ ಹಾಳೆ ಇಟ್ಟು ಬೆರಳಿನಲ್ಲಿ ತೋರಿಸಿದಳು.

“ಸರ್, ಕೋಡಿ ಅನ್ನೋ ಕಡೆನೂ ಈ ಪದ ಐತೆ, ತೂಬು ಅನ್ನೋ ಕಡೆನೂ ಇದೇ ಐತೆ. ಹೆಂಗ್ರಿ ಇದು?”

ನಾನು ಕನ್ನಡಕ ಹಾಕಿಕೊಂಡು ಓದಿದೆ. ಇನ್ನೊಂದು ಸಲ ಓದಿದೆ. ಬಂಗಾರಪ್ಪನವರು ಬೆಂಚಿನ ತುದಿಯಲ್ಲಿ ಕೂತು, ಕೋಡಿ ಎಂದರೇನು, ತೂಬು ಎಂದರೇನು ಎಂದು ನನಗೆ ಸಾವಕಾಶವಾಗಿ ಬಿಡಿಸಿ ಹೇಳಿದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಮೇಷ್ಟ್ರು ದಡ್ಡನಿಗೆ ಹೇಳಿಕೊಡುವ ಹಾಗೆ ಹೇಳಿದರು. ನನಗೆ ಅಷ್ಟು ನಾಚಿಕೆಯಾದದ್ದು ಈ ವಯಸ್ಸಿನಲ್ಲಿ ಅದೇ ಮೊದಲು.

ಮರುದಿನವೇ ತಮಗೆ ಬರೆದೆ. ತಪ್ಪು ನನ್ನದು, ತಿದ್ದಿದ ಭಾಷಾಂತರ ಲಗತ್ತಿಸಿದ್ದೇನೆ, ದಯಮಾಡಿ ತೂಬಿನಲ್ಲಿ ನೀರು ಹಿಡಿಸಿ ಎಂದು. ಉತ್ತರವಿಲ್ಲ. ಇನ್ನೊಂದು ಬರೆದೆ. ಇಪ್ಪತ್ತು ದಿನ ಬಿಟ್ಟು ಬಂದ ಉತ್ತರ ನನ್ನ ಬಾಯಿಪಾಠವಾಗಿದೆ: ‘ಭಾಷಾಂತರದಲ್ಲಿನ ಲೋಪವು ಸಂಬಂಧಪಟ್ಟ ಭಾಷಾಂತರಕಾರರ ಹೊಣೆಯಾಗಿದ್ದು, ಅಂತಿಮಗೊಂಡ ವರದಿಯನ್ನು ಪುನಃ ತೆರೆಯಲು ಅವಕಾಶವಿರುವುದಿಲ್ಲ.’ ಎಷ್ಟು ಚೊಕ್ಕ ವಾಕ್ಯ. ತಪ್ಪು ಒಪ್ಪಿಕೊಂಡವನಿಗೆ ತಪ್ಪು ನಿನ್ನದೇ ಎಂದು ಹೇಳಿ, ತಪ್ಪನ್ನು ಮಾತ್ರ ಹಾಗೇ ಇಟ್ಟುಕೊಂಡಿದ್ದೀರಿ.

ಖುದ್ದಾಗಿ ಬಂದೆ. ನೆನಪಿದೆಯೋ ಇಲ್ಲವೋ, ನಾಲ್ಕು ನಿಮಿಷ ಸಿಕ್ಕಿದಿರಿ. ನಿಂತೇ ಇದ್ದಿರಿ, ಹೊರಗೆ ಗಾಡಿ ಕಾಯುತ್ತಿತ್ತು. ತೂಬು, ಕೋಡಿ ಎಂದು ನಾನು ಶುರು ಮಾಡುವಷ್ಟರಲ್ಲಿ, “ನೀರು ಹೊರಗೆ ಹೋಗೋ ಜಾಗ ತಾನೇ? ಎರಡೂ ಅದೇ ಅಲ್ವೇನ್ರಿ?” ಎಂದಿರಿ. ಫೆಬ್ರವರಿಯಲ್ಲಿ ನನ್ನ ತಲೆಯೊಳಗೆ ಇದ್ದ ಮಾತೇ ನಿಮ್ಮ ಬಾಯಿಂದ ಬಂದದ್ದರಿಂದ ಆಗ ಉತ್ತರ ಹೊಳೆಯಲಿಲ್ಲ. ಸ್ಕೂಟರ್ ಹತ್ತಿದ ಮೇಲೆ ಹೊಳೆಯಿತು. ನಿಮ್ಮ ಮನೆಯಲ್ಲೂ ನೀರು ಎರಡು ಕಡೆ ಹೊರಗೆ ಬರುತ್ತದೆ ಮಾನ್ಯರೇ, ಅಡಿಗೆಮನೆಯ ನಲ್ಲಿಯಿಂದ ಮತ್ತು ಬಚ್ಚಲ ಮೋರಿಯಿಂದ. ಲೋಟ ಎಲ್ಲಿ ಹಿಡಿಯುತ್ತೀರಿ?

ಇಷ್ಟೆಲ್ಲಾ ಹೇಳುವ ನಾನು ಕೆರೆಯ ನೀರು ವಿಷವಾಗಿದೆ ಎಂದು ಹೇಳುತ್ತಿದ್ದೇನೆಯೇ? ಇಲ್ಲ. ಇದನ್ನು ದಯವಿಟ್ಟು ಎರಡು ಸಲ ಓದಿ, ನೋಟಿಸು ಬರೆಯುವವರಿಗೂ ಓದಿ ಹೇಳಿ. ತೂಬಿನ ನೀರನ್ನು ಬಾಟಲಿಯಲ್ಲಿ ತುಂಬಿಕೊಂಡು ಹರಿಹರಕ್ಕೆ ಹೋಗಿದ್ದೆ. ನನ್ನ ಜೊತೆ ಓದಿದ ಕೊಟ್ಟೂರೇಶ್ ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳಿ ನಿವೃತ್ತನಾದವನು, ಮನೆಯ ಮಹಡಿಯ ಮೇಲೆ ಸಣ್ಣ ಪರೀಕ್ಷೆಯ ಸಾಮಾನು ಇಟ್ಟುಕೊಂಡಿದ್ದಾನೆ. ಎರಡು ದಿನ ನೋಡಿ ಹೇಳಿದ.

“ರಾಡಿ ಐತೆ. ಕಬ್ಬಿಣದ ಅಂಶ ಜಾಸ್ತಿ ಐತೆ. ಅದು ಮಳಿಗೂ ಬರಬಹುದು, ಕೊರೆದಿದ್ದಕ್ಕೂ ಬರಬಹುದು. ತಾಮ್ರ ಇರೋ ಕಲ್ಲಿನ ಜೊತಿಗೆ ಒಮ್ಮೊಮ್ಮೆ ಪಾಷಾಣ, ಅಂದ್ರೆ ಆರ್ಸೆನಿಕ್ಕೂ ಇರತೈತೆ. ಅದನ್ನ ನೋಡೋ ಯಂತ್ರ ನನ್ನತ್ರ ಇಲ್ಲ.”

“ಹಂಗಾರೆ ಏನಂತ ಬರೀಲೋ?”

“ಗೊತ್ತಿಲ್ಲ ಅಂತ ಬರಿ. ಅದಕ್ಕೂ ನಿಂಗೆ ಇಂಗ್ಲಿಷ್ ಬೇಕಾ?”

ಚುಚ್ಚಿದ, ಆದರೆ ಸರಿಯಾಗಿಯೇ ಚುಚ್ಚಿದ. ನೂರಾ ಹನ್ನೆರಡು ಪುಟದಲ್ಲಿ ಬರೆಯಬೇಕಾಗಿದ್ದ ಪ್ರಾಮಾಣಿಕ ಪದ ಅದೊಂದೇ. ಕೆರೆಯ ನೀರಿಗೆ ಏನಾಗಿದೆ ಎಂದು ನನಗೆ ಗೊತ್ತಿಲ್ಲ. ಬಂಗಾರಪ್ಪನವರಿಗೆ ಗೊತ್ತಿಲ್ಲ. ನಿಮಗೂ ಗೊತ್ತಿಲ್ಲ. ವ್ಯತ್ಯಾಸ ಇಷ್ಟೇ, ನಾವಿಬ್ಬರೂ ಹಾಗೆಂದು ಹೇಳುತ್ತಿದ್ದೇವೆ.

ಈಗ ವದಂತಿಯ ವಿಷಯಕ್ಕೆ ಬರುತ್ತೇನೆ. ಆ ಊರಿನಲ್ಲಿ ಒಂದು ಪದ್ಧತಿ ಇದೆ. ಗಣೇಶನ ಹಬ್ಬ ಕಳೆದ ಮೇಲೆ ಒಂದು ದಿನ ಗೊತ್ತುಮಾಡಿ ತೂಬು ತೆಗೆಯುತ್ತಾರೆ. ಮೊದಲ ನೀರು ರಭಸವಾಗಿ ಹರಿದು ಹೋಗಲು ಬಿಟ್ಟು, ಆಮೇಲೆ ನೀರುಗಂಟಿ ಒಂದು ಬೊಗಸೆ ಹಿಡಿದು ಎಲ್ಲರೆದುರು ಕುಡಿಯುತ್ತಾನೆ. ಆಮೇಲೆಯೇ ಹೆಂಗಸರು ಕಾಲುವೆಯಲ್ಲಿ ಬಿಂದಿಗೆ ಅದ್ದುವುದು, ಬಾವಿಗೆ ನೀರು ತಿರುಗಿಸುವುದು. ಬಂಗಾರಪ್ಪನವರ ತಂದೆಯೂ ಕುಡಿಯುತ್ತಿದ್ದರು, ಅವರ ತಂದೆಯೂ. ‘ನೀರುಗಂಟಿ ಕುಡಿದ್ರೆ ಊರು ಕುಡಿತೈತೆ’ ಎನ್ನುತ್ತಾರೆ ಅಲ್ಲಿ. ನಿಮ್ಮ ಪ್ರಯೋಗಾಲಯಗಳು ಹುಟ್ಟುವ ಮೊದಲಿನ ನೀರಿನ ಪರೀಕ್ಷೆ ಅದು. ತಪ್ಪಿದರೆ ಪರೀಕ್ಷೆ ಮಾಡಿದವನೇ ಮೊದಲು ಮಲಗುತ್ತಿದ್ದ, ಭಾಷಾಂತರಕಾರನನ್ನು ತೋರಿಸಿ ತಪ್ಪಿಸಿಕೊಳ್ಳುವ ಹಾಗಿರಲಿಲ್ಲ.

ಈ ಸಲ ತೂಬು ತೆಗೆದ ದಿನ ನಾನೂ ಹೋಗಿದ್ದೆ, ರೇವತಿ ಕರೆದಿದ್ದಳು. ಬಂಗಾರಪ್ಪನವರು ತೂಬಿಗೆ ಕೈಮುಗಿದು ತೆಗೆದರು. ಮೊದಲ ನೀರು ಹೋಯಿತು. ಬಗ್ಗಿ ಬೊಗಸೆ ಹಿಡಿದರು. ನೀರನ್ನೇ ನೋಡುತ್ತಾ ತುಂಬಾ ಹೊತ್ತು ನಿಂತರು. ಬೆರಳ ಸಂದಿಯಿಂದ ಅರ್ಧ ಸೋರಿಹೋಯಿತು. ಆಮೇಲೆ ಉಳಿದದ್ದನ್ನೂ ಕಾಲುವೆಗೆ ಬಿಟ್ಟು, “ಇದು ಹೆಂಗೈತೋ ನಂಗೆ ಗೊತ್ತಿಲ್ರವ್ವಾ” ಎಂದರು.

ಬಿಂದಿಗೆ ಹಿಡಿದು ಮುಂದೆ ನಿಂತಿದ್ದವರು ಊರಿಗೇ ಹಿರಿಯರಾದ ತಿಮ್ಮವ್ವ. “ಚಲೋ ಐತೆ ಅಂತ ಗ್ವಾಡಿ ಮ್ಯಾಲೆ ನಿನ್ನ ಹೆಸರೇ ಐತಂತಲ್ಲೋ ಬಂಗಾರಾ?” ಎಂದು ಕೇಳಿದರು.

“ಗ್ವಾಡಿ ಮ್ಯಾಲಿಂದು ನಾನು ಹೇಳಿದ್ದಲ್ಲಬೇ.”

ತಿಮ್ಮವ್ವ ಖಾಲಿ ಬಿಂದಿಗೆಯನ್ನು ಸೊಂಟಕ್ಕೆ ಏರಿಸಿಕೊಂಡು ಏರಿ ಹತ್ತಿ ಹೊರಟರು. ಅವರ ಹಿಂದೆ ಉಳ್ಳವರೂ, ಇಲ್ಲದವರೂ, ಎಲ್ಲರೂ ಹೊರಟರು. ಯಾರೂ ಕೂಗಾಡಲಿಲ್ಲ, ಯಾರ ಹೆಸರೂ ಹಿಡಿದು ಬೈಯಲಿಲ್ಲ. ಇದಕ್ಕೆ ತಾವು ಇಟ್ಟ ಹೆಸರು ವದಂತಿ. ಗೊತ್ತಿಲ್ಲ ಎಂದು ಹೇಳುವುದು ವದಂತಿಯಾದರೆ, ಗೊತ್ತಿಲ್ಲದೇ ಗೊತ್ತಿದೆ ಎಂದು ಗೋಡೆಗೆ ಅಂಟಿಸುವುದಕ್ಕೆ ಏನನ್ನಬೇಕು? ಈ ಪ್ರಶ್ನೆಗೆ ಉತ್ತರ ಕೊಡಲು ನಿಮಗೂ ಏಳು ದಿನ ತೆಗೆದುಕೊಳ್ಳಿ.

ನೋಟಿಸಿನಲ್ಲಿ ಏನಿದೆ ಗೊತ್ತೇ? ನೀವೇ ಸಹಿ ಮಾಡಿದ್ದೀರಿ, ಆದರೂ ಹೇಳುತ್ತೇನೆ. ‘ನಾವು ಕುಡಿಯುವುದು ಔಟ್‌ಲೆಟ್ ನೀರು ಎಂದು ತಾವೇ ಹೇಳಿಕೆ ನೀಡಿ, ಸದರಿ ಔಟ್‌ಲೆಟ್ ನೀರು ಯೋಗ್ಯವೆಂದು ದೃಢಪಟ್ಟ ನಂತರವೂ ಸಾರ್ವಜನಿಕರಲ್ಲಿ ಭೀತಿ ಉಂಟುಮಾಡಿರುತ್ತೀರಿ.’ ನನ್ನ ಪದವನ್ನೇ ಹಗ್ಗ ಮಾಡಿ ಆ ಮನುಷ್ಯನನ್ನು ಕಟ್ಟಿದ್ದೀರಿ. ಮೊನ್ನೆ ಅವರು ಆ ನೋಟಿಸನ್ನು ಮಡಚಿ ಜೇಬಿನಲ್ಲಿಟ್ಟುಕೊಂಡು ಮತ್ತೆ ನನ್ನ ಅಂಗಡಿಗೇ ಬಂದರು. ದಾವಣಗೆರೆಯಲ್ಲಿ ಬೇರೆ ಟೈಪಿಂಗ್ ಅಂಗಡಿ ಇಲ್ಲವೇ? ಇವೆ. “ಆಗ ನೀವೇ ಬರೆದಿದ್ರಿ, ಈಗ್ಲೂ ನೀವೇ ಬರೀರಿ” ಎಂದರು.

“ಏನಂತ ಬರೀಲಿ ಬಂಗಾರಪ್ಪನೋರೆ?”

“ತೂಬು ಅಂದ್ರ ತೂಬು ಅಂತ ಬರೀರಿ. ಮುಂದಿಂದು ಅವರಿಗೆ ಬಿಟ್ಟಿದ್ದು.” ನೋಟಿಸನ್ನು ನನ್ನ ಮೇಜಿನ ಮೇಲಿಟ್ಟು ಮತ್ತೆ ಹೇಳಿದರು. “ಕೆಲಸ ಹೋದ್ರ ಹೋಗ್ಲಿ ಬಿಡ್ರಿ, ಹೆಂಗೂ ಮೊಣಕಾಲು ಹೋಗ್ಯಾವೆ. ಆದ್ರ ನಾಳೆ ಆ ನೀರು ಕುಡ್ದು ಯಾರಿಗಾರ ಏನಾರ ಆತು ಅನ್ರಿ. ಬಂಗಾರಪ್ಪ ಕುಡೀರಿ ಅಂದಿದ್ದ ಅಂತಾರ. ಗ್ವಾಡಿ ಮ್ಯಾಲೆ ಐತಲ್ರಿ ಹೆಸರು. ಅದನ್ನ ಅಳಿಸಿ ಕೊಡಾಕೆ ಹೇಳ್ರಿ.”

ನಾನು ಅವರ ವಿವರಣೆಯನ್ನು ಬರೆದುಕೊಟ್ಟೆ. ಅದು ನಿಮ್ಮ ಕಚೇರಿಗೆ ಬಂದು ಸೇರಿರುತ್ತದೆ. ಅದರಲ್ಲಿ ಔಟ್‌ಲೆಟ್ ಎಂಬ ಪದ ಎಲ್ಲೂ ಇಲ್ಲ. ಅದರ ಜೊತೆಗೆ ನನ್ನ ವಿವರಣೆಯೂ ಇರಲಿ ಎಂದು ಇದನ್ನು ಬರೆಯುತ್ತಿದ್ದೇನೆ, ಜನರೂ ಓದಲಿ ಎಂದು ಪತ್ರಿಕೆಗೆ ಕೊಡುತ್ತಿದ್ದೇನೆ.

ನಮ್ಮಲ್ಲಿ ಯಾರೂ ಗುಡ್ಡದಲ್ಲಿ ತಾಮ್ರ ಹುಡುಕಲೇಬಾರದು ಎಂದು ಹಟ ಹಿಡಿದಿಲ್ಲ. ಬೆಟ್ಟ ಅಗೆದು ಇಲಿ ಹಿಡಿಯುತ್ತೀರೋ ಆನೆ ಹಿಡಿಯುತ್ತೀರೋ, ಅದು ನಿಮಗೂ ಬೆಟ್ಟಕ್ಕೂ ಬಿಟ್ಟದ್ದು. ಅಗೆದ ರಾಡಿ ಯಾರ ಬಿಂದಿಗೆಗೆ ಇಳಿಯುತ್ತದೆ ಎಂದು ಮೊದಲು ನೋಡಿ ಎನ್ನುತ್ತಿದ್ದೇವೆ. ನೋಡುವುದೆಂದರೆ ಸರಿಯಾದ ಜಾಗದಲ್ಲಿ ನೋಡುವುದು. ಮೂವತ್ತನಾಲ್ಕು ರಂಧ್ರ ಕೊರೆದು ಮುಗಿದ ಮೇಲೆ ‘ಸಮಗ್ರ ಮರುಪರಿಶೀಲನೆ’ ಮಾಡುತ್ತೇವೆ ಎಂದು ನಿಮ್ಮ ವಿಷಯ ನಿರ್ವಾಹಕರು ನನಗೆ ಸಮಾಧಾನ ಹೇಳಿದರು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕುವ ಕೆಲಸಕ್ಕೆ ಸಮಗ್ರ ಎಂಬ ಪದ ಬಳಸಿದ್ದು ಕೇಳಿ, ನನಗಿಂತ ಕೆಟ್ಟ ಭಾಷಾಂತರಕಾರರೂ ಇದ್ದಾರೆ ಎಂದು ಒಂದು ಕ್ಷಣ ಸಮಾಧಾನವಾಯಿತು. ಆ ಸಮಾಧಾನ ಮನೆ ಮುಟ್ಟುವ ತನಕವೂ ಉಳಿಯಲಿಲ್ಲ.

ಆದುದರಿಂದ ನಾನು ಕೇಳುವುದು ಇಷ್ಟು. ಬಂಗಾರಪ್ಪನವರ ಮೇಲಿನ ನೋಟಿಸನ್ನು ಗಡುವು ಮುಗಿಯುವ ಮುಂಚೆ ವಾಪಸು ಪಡೆಯಿರಿ. ‘ಅವರ ಸಲಹೆಯಂತೆ’ ಎಂಬ ವಾಕ್ಯವನ್ನು ವರದಿಯಿಂದಲೂ ಪಂಚಾಯ್ತಿ ಗೋಡೆಯಿಂದಲೂ ತೆಗೆಸಿ. ಅದಕ್ಕೆ ಯಾರ ಹೆಸರಾದರೂ ಬೇಕೇ ಬೇಕೆಂದರೆ ನನ್ನದು ಹಾಕಿ, ತಕರಾರಿಲ್ಲ. ತೂಬು ಈಗ ತೆರೆದೇ ಇದೆ. ದಿನ ಗೊತ್ತುಮಾಡಿ, ಊರಿಗೆ ಮುಂಚೆಯೇ ತಿಳಿಸಿ, ನೀರುಗಂಟಿಯ ಎದುರು ತೂಬಿನ ನೀರು ಹಿಡಿಸಿ. ಈಗ ಹಳ್ಳದಲ್ಲೂ ನೀರಿದೆ, ಅಲ್ಲೂ ಹಿಡಿಸಿ. ಗುಡ್ಡದ ಮೇಲಿನ ಗುಂಡಿಗಳ ರಾಡಿಯನ್ನೂ ಕೊಂಡೊಯ್ಯಿರಿ. ಪಾಷಾಣ ನೋಡುವ ಯಂತ್ರ ಎಲ್ಲಿದೆಯೋ ಅಲ್ಲಿಗೆ ಕಳಿಸಿ. ಏನು ಬರುತ್ತದೋ ಅದನ್ನು ಕನ್ನಡದಲ್ಲಿ, ತಿಮ್ಮವ್ವನಿಗೆ ಓದಿ ಹೇಳಿದರೆ ತಿಳಿಯುವಂತೆ ಬರೆಸಿ. ಅಲ್ಲಿಯವರೆಗೆ ಆ ಮೂವತ್ತನಾಲ್ಕರ ಕಡತಕ್ಕೆ ಸಹಿ ಹಾಕಬೇಡಿ. ಈ ಪತ್ರವನ್ನು ಮೇಲಿನವರಿಗಾಗಿ ಇಂಗ್ಲಿಷಿಗೆ ಮಾಡಿಸುವುದಾದರೆ, ದಯವಿಟ್ಟು ಬೇರೆ ಅಂಗಡಿಗೆ ಕೊಡಿ.

ಬಾಟಲಿಯ ಮೇಲೆ ಅಂಟಿಸುವ ಚೀಟಿಯಲ್ಲಿ ‘ತೂಬು’ ಎಂದು ಬರೆಯಲಿ. ಎರಡೇ ಅಕ್ಷರ, ಜಾಗ ಸಾಲುತ್ತದೆ.

ಗಡುವಿಗೆ ಇನ್ನು ಮೂರು ದಿನ. ಊರಿನವರು ಈಗ ಬೈಕಿಗೆ ಕ್ಯಾನು ಕಟ್ಟಿಕೊಂಡು ಆವರಗೆರೆಯಿಂದ ಕುಡಿಯುವ ನೀರು ತರುತ್ತಿದ್ದಾರೆ. ಕೆಲಸವಿದ್ದರೂ ಹೋದರೂ ತನ್ನದೇನೂ ಬದಲಾಗುವುದಿಲ್ಲ ಎಂಬಂತೆ ಬಂಗಾರಪ್ಪನವರು ದಿನಾ ಬೆಳಿಗ್ಗೆ ತೂಬಿನ ಪಕ್ಕದ ಕಲ್ಲಿನ ಮೇಲೆ ಹೋಗಿ ಕೂರುತ್ತಾರೆ. ಅಭ್ಯಾಸ ತಪ್ಪದೆ ಯಾರಾದರೂ ಬಿಂದಿಗೆ ಹಿಡಿದು ಬಂದರೆ, “ಬ್ಯಾಡವ್ವಾ, ಇನ್ನೂ ಗೊತ್ತಾಗಿಲ್ಲ” ಎಂದು ಹೇಳಿ ಕಳಿಸುತ್ತಾರೆ. ನಿಮ್ಮ ಕಚೇರಿ ಮಾಡಬೇಕಾಗಿದ್ದ ಕೆಲಸವನ್ನು ಆ ಊರಿನಲ್ಲಿ ಸದ್ಯಕ್ಕೆ ಮಾಡುತ್ತಿರುವವರು ಅವರೊಬ್ಬರೇ.

ಇಂತಿ,
ನಿಘಂಟಿನ ಕಪಾಟಿನ ತನಕ ಎದ್ದು ಹೋಗದ
ರುದ್ರಮುನಿ, ಭಾಷಾಂತರಕಾರ
ದಾವಣಗೆರೆ